ಅಯೋವಾದ ಕಿನ್ನಿಕ್‌ಗೆ ಎದುರಾಳಿ ಅಭಿಮಾನಿಯಾಗಿ ಹೋಗುವವರಿಗೆ

ತಮ್ಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಜೊತೆಗೆ ಅಮೆರಿಕದ ಅಯೋವಾ ರಾಜ್ಯದ ಅಯೋವಾ ಸಿಟಿಗೆ ಹೊರಟಿರುವವರು ಆಟಕ್ಕೆ ಮೂರು ಗಂಟೆ ಮೊದಲೇ ಊರು ತಲುಪುವುದು ಒಳ್ಳೆಯದು. 1929ರಲ್ಲಿ ಆರಂಭವಾದ, ಅಯೋವಾ ವಿಶ್ವವಿದ್ಯಾಲಯ ತಂಡದ ಕಿನ್ನಿಕ್ ಕ್ರೀಡಾಂಗಣದಲ್ಲಿ ಸುಮಾರು 69,000 ಜನ ಸೇರುವುದರಿಂದ ಹತ್ತಿರದಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ನಿಮ್ಮ ತಂಡದ ಬಣ್ಣದ ಅಂಗಿಯನ್ನು ಧಾರಾಳವಾಗಿ ತೊಡಿ. ಪಾರ್ಕಿಂಗ್ ಜಾಗದಲ್ಲಿ ಆಟಕ್ಕೆ ಮೊದಲು ಒಲೆ ಹೂಡಿ ಕುಳಿತ ಅಯೋವಾ ಅಭಿಮಾನಿಗಳು ಒಂದೆರಡು ಮಾತು ಚುಡಾಯಿಸಿ, ಆಮೇಲೆ ತಾವೇ ಕರೆದು ತಟ್ಟೆ ಕೊಡುತ್ತಾರೆ. ಅಲ್ಲಿ ಬೇಯುವುದು ಹೆಚ್ಚಾಗಿ ಮಾಂಸವೇ ಆದ್ದರಿಂದ ಸಸ್ಯಾಹಾರಿಗಳು ಚಿತ್ರಾನ್ನದ ಡಬ್ಬಿಯೊಂದನ್ನು ಕಾರಿನಲ್ಲಿಟ್ಟುಕೊಂಡಿದ್ದರೆ ನಿಶ್ಚಿಂತೆ. ಒಳಗೆ ಒಯ್ಯುವ ಚೀಲ ಪಾರದರ್ಶಕವಾಗಿರಬೇಕು. ನವೆಂಬರಿನಲ್ಲಿ ಬೆಂಚು ಮಂಜುಗಡ್ಡೆಯಂತಿರುತ್ತದೆ, ದಪ್ಪನೆಯ ದಿಂಬು ಬೇಕೇ ಬೇಕು.

ಮೊದಲ ಕ್ವಾರ್ಟರ್ (ಆಟದ ನಾಲ್ಕು ಭಾಗಗಳಲ್ಲಿ ಮೊದಲನೆಯದು) ಮುಗಿದೊಡನೆ ಕಾಫಿಗೆಂದು ಏಳಬೇಡಿ. ಆಗ ಎರಡೂ ತಂಡಗಳ ಅಭಿಮಾನಿಗಳು, ಆಟಗಾರರು ಪಕ್ಕದ ಮಕ್ಕಳ ಆಸ್ಪತ್ರೆಯ ಕಡೆ ತಿರುಗಿ ಕೈ ಬೀಸುತ್ತಾರೆ. ಮೇಲಿನ ಮಹಡಿಯ ಗಾಜಿನ ಹಿಂದೆ ನಿಂತ ಮಕ್ಕಳೂ ಕೈ ಬೀಸುತ್ತಾರೆ. 2017ರಲ್ಲಿ ಶುರುವಾದ ಈ ಪದ್ಧತಿಯನ್ನು ಕಣ್ಣಾರೆ ಕಾಣಬೇಕಾದರೆ, ಟಿಕೆಟ್ ಕೊಳ್ಳುವಾಗಲೇ ಆಸ್ಪತ್ರೆಗೆ ಎದುರಾಗಿರುವ ಪಶ್ಚಿಮದ ಸಾಲುಗಳನ್ನು ಆರಿಸಿಕೊಳ್ಳಿ.