ದುಬಾರಿ ಟರ್ನ್‌ಟೇಬಲ್‌ಗೆ ದುಡ್ಡು ಸುರಿಯುವ ಮುನ್ನ

ಈಗಿರುವ ಟರ್ನ್‌ಟೇಬಲ್ (ಹಾಡಿನ ತಟ್ಟೆ ತಿರುಗಿಸುವ ಯಂತ್ರ) ಮೇಲೆ ಒಂದು ಎಲ್‌ಪಿ ತಟ್ಟೆ ಹಾಕಿ, ಎದುರಿನಿಂದ ಮುಳ್ಳು ಹೊತ್ತ ತೋಳಾದ ಟೋನ್‌ಆರ್ಮನ್ನೇ ನೋಡುತ್ತಿರಿ. ಪ್ರತಿ ಸುತ್ತಿಗೂ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿದರೆ ತಟ್ಟೆಯ ನಡುವಿನ ತೂತು ಸರಿದಿದೆ ಎಂದರ್ಥ. ಅರ್ಧ ಮಿ.ಮೀ. ಸರಿದಿದ್ದರೆ ಕೇಂದ್ರದಿಂದ 100 ಮಿ.ಮೀ. ದೂರದಲ್ಲಿ ಹಾಡು ಕೊರೆದ ಗೆರೆಯಲ್ಲಿ ವೇಗ ಶೇ. 0.5ರಷ್ಟು ಏರಿಳಿಯುತ್ತದೆ. ಪಿಯಾನೊ, ವೀಣೆಯಂಥ ವಾದ್ಯಗಳ ನೀಳ ನಾದದಲ್ಲಿ ಇದು ಅಲುಗಾಟವಾಗಿ ಕೇಳಿಸುತ್ತದೆ. ಟೆಕ್ನಿಕ್ಸ್ ಎಸ್‌ಎಲ್-1200 ಸರಣಿಯ ಯಂತ್ರದ ಸ್ವಂತ ವೇಗದ ಏರುಪೇರು ಶೇ. 0.025 ಮಾತ್ರ. ಅದರ ಹತ್ತು ಪಟ್ಟು ಬೆಲೆಯ ಯಂತ್ರ ತಂದರೂ ಆ ತೂತು ಇದ್ದಲ್ಲೇ ಇರುತ್ತದೆ. ತೂತಿನ ತಪ್ಪನ್ನು ತಾನೇ ಸರಿಪಡಿಸಿಕೊಳ್ಳುವ ಯಂತ್ರವನ್ನು 1980ರ ದಶಕದಲ್ಲಿ ನಾಕಮಿಚಿ ಕಂಪನಿ ಮಾಡಿತ್ತು. ಅಂಥವು ತೀರಾ ಅಪರೂಪ.

ಹಾಗಾಗಿ ನಮ್ಮ ಅಭಿಪ್ರಾಯ ಸ್ಪಷ್ಟ: ವೇಗ ಸ್ಥಿರವಾಗಿದ್ದು, ಆರ್ಮಿನ ಬೇರಿಂಗ್ ಸಡಿಲವಿಲ್ಲದ ಮಧ್ಯಮ ದರ್ಜೆಯ ಯಂತ್ರ ಸಾಕು. ಅದರಾಚೆ ತೆರುವ ಹಣದ ಬಹುಪಾಲು ಲೋಹದ ತೂಕಕ್ಕೆ, ಮರದ ನುಣುಪಿಗೆ, ಅಂದಕ್ಕೆ ಹೋಗುತ್ತದೆ. ಕಿವಿಗೆ ಸಿಗುವ ಲಾಭ ಮುಳ್ಳಿನ ತುದಿಯಲ್ಲಿ ಮತ್ತು ಹೊಂದಿಸುವ ಕೆಲಸದಲ್ಲಿದೆ.

ಹೊಂದಿಸುವುದಕ್ಕೆ ಮೊದಲು ಸ್ಪಿರಿಟ್ ಲೆವೆಲ್ ಅನ್ನು ಪ್ಲ್ಯಾಟರ್ (ತಟ್ಟೆ ಕೂರುವ ಚಕ್ರ) ಮೇಲಿಟ್ಟು ಮಟ್ಟ ನೋಡಿ. ಸ್ಪೀಕರ್‌ಗಳು ಅದೇ ಮೇಜಿನ ಮೇಲಿದ್ದರೆ ಇಳಿಸಿ. ಇಲ್ಲದಿದ್ದರೆ ಅವುಗಳ ಅದುರು ಮುಳ್ಳಿಗೆ ಮರಳಿ ಬಂದು ಗುಂಯ್‌ಗುಡುತ್ತದೆ. ಕಾಂಕ್ರೀಟ್ ನೆಲದ ಮನೆಯಲ್ಲಿ ಗಟ್ಟಿ ಮೇಜು, ರಬ್ಬರ್ ಪಾದಗಳ ಮೇಲೆ ಒಂದು ಕಡಪ ಕಲ್ಲಿನ ಚಪ್ಪಡಿ ಸಾಕು, ದುಬಾರಿ ಪೀಠ ಬೇಡ.

ಆಮೇಲೆ ಮುಳ್ಳು ತಟ್ಟೆಯ ಮೇಲೆ ಹಾಕುವ ಭಾರ. ಆ್ಯಂಟಿ-ಸ್ಕೇಟಿಂಗ್ (ಆರ್ಮ್ ಒಳಕ್ಕೆ ಜಾರುವುದನ್ನು ತಡೆಯುವ ವ್ಯವಸ್ಥೆ) ಸೊನ್ನೆಗಿಟ್ಟು, ಆರ್ಮ್ ಗಾಳಿಯಲ್ಲಿ ಸಮತಟ್ಟಾಗಿ ನಿಲ್ಲುವಂತೆ ಹಿಂದಿನ ತೂಕದ ಬೊಟ್ಟನ್ನು ತಿರುಗಿಸಿ; ನಂತರ ತಯಾರಕರು ಹೇಳಿದ ಭಾರ ಕೊಡಿ. ಆಡಿಯೊ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್‌ಗೆ (ಆರ್ಮಿನ ತುದಿಯಲ್ಲಿ ಮುಳ್ಳು ಕೂರುವ ಡಬ್ಬಿ) 2.0 ಗ್ರಾಂ, ಆರ್ಟೊಫಾನ್ 2ಎಂ ರೆಡ್‌ಗೆ 1.8 ಗ್ರಾಂ. ಆರ್ಮಿನ ಮೇಲಿನ ಅಂಕಿಯನ್ನು ನಂಬಬೇಡಿ, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಅಳೆಯಿರಿ. ಭಾರ ಕಡಿಮೆಯಿದ್ದರೆ ತಟ್ಟೆ ಸವೆಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ: ಹಗುರಾದ ಮುಳ್ಳು ಜೋರು ಸ್ವರಗಳಲ್ಲಿ ಗೆರೆಯ ಗೋಡೆಗಳ ನಡುವೆ ಕುಪ್ಪಳಿಸಿ ಅವನ್ನೇ ಕೆರೆಯುತ್ತದೆ. ಭಾರದಷ್ಟೇ ಅಂಕಿಗೆ ಆ್ಯಂಟಿ-ಸ್ಕೇಟಿಂಗ್ ಇಟ್ಟು ಆರಂಭಿಸಿ.

ಮುಂದೆ ಗೆರೆಗೆ ಕಾರ್ಟ್ರಿಜ್ ಕೂರುವ ಕೋನ. ಕೋನ ಹೊಂದಿಸಲು ಗೀಟು ಎಳೆದ ಕಾಗದದ ಪ್ರೊಟ್ರ್ಯಾಕ್ಟರ್ ಮುದ್ರಿಸಿಕೊಂಡು, ಕೇಂದ್ರದಿಂದ 66 ಮತ್ತು 121 ಮಿ.ಮೀ. ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೀಟುಗಳಿಗೆ ಸರಿಯಾಗಿ ಕೂರುವವರೆಗೆ ಜರುಗಿಸಿ. ಅಳತೆ ಹೆಚ್ಚುಕಮ್ಮಿಯಾಗಿ ಮುದ್ರಣವಾದರೆ ಎಲ್ಲವೂ ಕೆಡುತ್ತದೆ. ಮೊದಲು ಸ್ಕೇಲ್ ಇಟ್ಟು ನೋಡಿ. ಕೊನೆಯ ಹಾಡಿನಲ್ಲಿ ‘ಸ’, ‘ಶ’ಗಳು ಚರಚರ ಎನ್ನುವುದಕ್ಕೆ ಹೆಚ್ಚಾಗಿ ಈ ಕೋನವೇ ಕಾರಣ. ಅಲ್ಲಿ ಗೆರೆ ಮುಳ್ಳಿನಡಿ ಹರಿಯುವ ವೇಗ ಸೆಕೆಂಡಿಗೆ ಸುಮಾರು 21 ಸೆಂ.ಮೀ., ಹೊರ ಅಂಚಿನಲ್ಲಿ 51. ಅಷ್ಟೇ ಶಬ್ದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಡಕವಾಗಿರುತ್ತದೆ.

ಕೋನ ಸರಿಯಾದ ಮೇಲೂ ಚರಚರ ಉಳಿದರೆ ಆಗ ಖರ್ಚು ಮಾಡಿ, ಆದರೆ ಮುಳ್ಳಿಗೆ. ವಿಎಂ95ಇ ಕಾರ್ಟ್ರಿಜ್ ಬಿಚ್ಚದೆಯೇ ಮುಳ್ಳನ್ನು ಮಾತ್ರ ಎಳೆದು, ಎಂಎಲ್ ಮಾದರಿಯ ಸಣ್ಣ ತುದಿಯ ಮುಳ್ಳು ತೊಡಿಸಬಹುದು. ಮನೆಯಲ್ಲಿ ಹಳೆಯ 78 ವೇಗದ ಅರಗಿನ ತಟ್ಟೆಗಳಿದ್ದರೆ ಅದೇ ಕಾರ್ಟ್ರಿಜ್‌ಗೆ ಎಸ್‌ಪಿ ಮುಳ್ಳು ಸಿಗುತ್ತದೆ, ಭಾರ 5 ಗ್ರಾಂ. ಎಲ್‌ಪಿ ಮುಳ್ಳು ಆ ಅಗಲ ಗೆರೆಯ ತಳಕ್ಕಿಳಿದು ಕಸದ ಸದ್ದನ್ನೇ ಎತ್ತುತ್ತದೆ. ಅರಗಿನ ತಟ್ಟೆಗೆ ಆಲ್ಕೋಹಾಲ್ ಸೋಕಿಸಲೇಬೇಡಿ, ಕರಗಿಸಿಬಿಡುತ್ತದೆ.

ಮೂವಿಂಗ್ ಕಾಯಿಲ್ (ಮುಳ್ಳಿನ ಜೊತೆ ಪುಟ್ಟ ತಂತಿಸುರುಳಿ ಅಲುಗುವ) ಕಾರ್ಟ್ರಿಜ್‌ನ ಆಸೆ ಇದ್ದರೆ ಲೆಕ್ಕ ಪೂರ್ತಿ ಹಾಕಿ. ಆ ಬಗೆಯ ಡೆನಾನ್ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್; 2ಎಂ ರೆಡ್ ಕೊಡುವುದು 5.5. ಆ ಅಂತರ ತುಂಬಲು ಬೇರೆ ಫೋನೊ ಸ್ಟೇಜ್ (ಮುಳ್ಳಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಸಾಧನ) ಬೇಕು. ಮುಳ್ಳು ಸವೆದರೆ, ಇಲ್ಲವೇ ಧೂಳು ಒರೆಸುವ ಬಟ್ಟೆಗೆ ಸಿಕ್ಕಿ ಮುರಿದರೆ, ಬರೀ ಮುಳ್ಳು ಬದಲಿಸಲಾಗದು. ಯಂತ್ರದಿಂದ ಫೋನೊ ಸ್ಟೇಜಿಗೆ ಹೋಗುವ ವೈರಿನಲ್ಲಿ ನೋಡಬೇಕಾದ್ದು ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ): ವಿಎಂ95 ಸರಣಿಗೆ ಎಲ್ಲ ಸೇರಿ 100ರಿಂದ 200 ಪಿಕೊಫ್ಯಾರಡ್ ಒಳಗಿರಬೇಕು. ಗಿಡ್ಡ ವೈರು ಸಾಕು, ಬೆಳ್ಳಿ ವೈರು ಬೇಡ.

ಅಮೆರಿಕದಿಂದ ಬೆಲ್ಟ್ ಯಂತ್ರ ತರುವವರು ಮೋಟಾರಿನ ವಿಧ ಕೇಳಿ. ಎಸಿ ಸಿಂಕ್ರೊನಸ್ (ವಿದ್ಯುತ್ತಿನ ಆವರ್ತಕ್ಕೆ ತಕ್ಕ ವೇಗದಲ್ಲಿ ತಿರುಗುವ) ಮೋಟಾರಾದರೆ ಅದು ಅಲ್ಲಿನ 60 ಹರ್ಟ್ಸ್‌ಗೆ ಹೊಂದಿರುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ 33⅓ರ ಬದಲು ನಿಮಿಷಕ್ಕೆ ಸುಮಾರು 27.8 ಸುತ್ತು ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಇದನ್ನು ಸರಿಪಡಿಸದು. 50 ಹರ್ಟ್ಸ್‌ನ ಪುಲ್ಲಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.