ರೊಟ್ಟಿಯ ಲೆಕ್ಕದಲ್ಲಿ ನನ್ನ ಕೂಲಿ

ವಿಜಯಪುರದಲ್ಲಿ ಖಡಕ್ ರೊಟ್ಟಿ ಮಾರಲು ಶುರು ಮಾಡಿ ಎಂಟು ತಿಂಗಳು ನಾನು ನಷ್ಟದಲ್ಲಿದ್ದೆ. ಅದು ನನಗೇ ಗೊತ್ತಿರಲಿಲ್ಲ. ಡಬ್ಬಿಯಲ್ಲಿ ದುಡ್ಡು ಇರುತ್ತಿತ್ತು, ಒಂದು ರೊಟ್ಟಿಯೂ ಉಳಿಯುತ್ತಿರಲಿಲ್ಲ. ಇನ್ನೇನು ಬೇಕು ಅಂದುಕೊಂಡಿದ್ದೆ.

ಒಂದು ದಿನ ಮಗಳು ನೋಟ್‌ಬುಕ್ ಹಿಡಿದು ಕೂತಳು. ಜೋಳ, ಗಿರಣಿ, ಗ್ಯಾಸು, ಕವರು ಎಲ್ಲ ಬರೆದಳು. ಆಮೇಲೆ ಕೇಳಿದಳು, "ಅವ್ವಾ, ಇದರಾಗ ನಿನ್ನ ಪಗಾರ ಎಲ್ಲೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ 5ಕ್ಕೆ ಎದ್ದು 150 ರೊಟ್ಟಿ ಬಡಿಯುತ್ತಿದ್ದೆ. ಅದೂ ಮನೆಗೆಲಸದ ಹಾಗೆ, ಲೆಕ್ಕಕ್ಕೆ ಬರುವುದಿಲ್ಲ ಅಂತಲೇ ತಿಳಿದಿದ್ದೆ. ಅವತ್ತು ದಿನಕ್ಕೆ 300 ರೂಪಾಯಿ ಕೂಲಿ ಹಾಕಿದೆವು. 4 ರೂಪಾಯಿಗೆ ಮಾರುತ್ತಿದ್ದ ರೊಟ್ಟಿಯ ಅಸಲೇ 5 ರೂಪಾಯಿ ದಾಟಿತು.

ಬೆಲೆ 6 ಮಾಡಿದೆ. "ಏನ್ರೀ ಅಕ್ಕಾರ, ಒಮ್ಮೆಲೇ ಎರಡು ರೂಪಾಯಿ?" ಅಂದರು. ಒಂದು ಖಾನಾವಳಿಯವರು ಬಿಟ್ಟೇ ಬಿಟ್ಟರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೂ ಇಳಿಸಲಿಲ್ಲ. ರೊಟ್ಟಿ ಚೆನ್ನಾಗಿದ್ದರೆ ಜನ ಬಂದೇ ಬರುತ್ತಾರೆ ಅನ್ನುವ ನಂಬಿಕೆ ಇತ್ತು, ಬಂದರು ಕೂಡ.

ಚೆನ್ನಾಗಿರಬೇಕು ಅಂದರೆ ಜೋಳದಿಂದಲೇ ಶುರು. ನಾನು ಹಿಂಗಾರಿಯ ಮಾಲದಂಡಿ ಬಿಳಿ ಜೋಳವನ್ನೇ ತರುತ್ತೇನೆ. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಕೊಂಡಿಡುತ್ತೇನೆ, ಆದರೆ ಸ್ವಲ್ಪ ಸ್ವಲ್ಪವೇ ಬೀಸಿಸುತ್ತೇನೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಎಸರು ಕುದಿದಿರಲೇಬೇಕು. ಬೇಯಿಸಿದ ಮೇಲೆ ಪೂರ್ತಿ ಆರಿಸಬೇಕು. ಒಂದು ಮಳೆಗಾಲದಲ್ಲಿ ಅವಸರ ಮಾಡಿ ಬಿಸಿ ಇರುವಾಗಲೇ ಕವರಿಗೆ ತುಂಬಿದೆ. ಒಳಗೆ ಬೆವರಿ ಬೂಷ್ಟು ಬಂತು. 80 ರೊಟ್ಟಿಯ ದುಡ್ಡು ವಾಪಸ್ ಕೊಟ್ಟೆ. ಈಗ ಮಳೆಗಾಲದಲ್ಲಿ ಆರ್ಡರ್ ಕಡಿಮೆ ಹಿಡಿಯುತ್ತೇನೆ.

ಕಾಗದಪತ್ರ ಅಷ್ಟು ಕಷ್ಟವಾಗಲಿಲ್ಲ. ನಾನು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಆಹಾರ ಸುರಕ್ಷತೆಯ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ದುಡ್ಡೇ ಇಲ್ಲ. ಮಧ್ಯದವನೊಬ್ಬ ಎರಡಕ್ಕೂ ಸೇರಿಸಿ 2,000 ಕೇಳಿದ್ದ. ದಯವಿಟ್ಟು ಕೊಡಬೇಡಿ, ನೀವೇ ಮಾಡಬಹುದು.

ಸಾಲಕ್ಕೆ ಹೋದಾಗ ಬ್ಯಾಂಕಿನಲ್ಲಿ "ಯಜಮಾನರನ್ನ ಕರ್ಕೊಂಡು ಬರ್ರಿ" ಅಂದರು. ಬೇಜಾರಾಯಿತು. ಮರುದಿನ ಅದೇ ನೋಟ್‌ಬುಕ್ ಒಯ್ದೆ. ಖರ್ಚು, ಕೂಲಿ, ಲಾಭ ಎಲ್ಲ ದಿನದಿನದ್ದು ಬರೆದಿತ್ತು. ಹಾಳೆ ತಿರುವಿ ನೋಡಿದ ಮೇಲೆ ಅವರ ಮಾತೇ ಬದಲಾಯಿತು. ಸಣ್ಣ ವ್ಯಾಪಾರದವರಿಗೆ ಇರುವ ಮುದ್ರಾ ಯೋಜನೆಯ ಶಿಶು ಸಾಲದಲ್ಲಿ ಏನನ್ನೂ ಅಡವಿಡದೆ 50,000 ಸಿಕ್ಕಿತು. ಎರಡು ದೊಡ್ಡ ಒಲೆ, ರೊಟ್ಟಿ ಆರಿಸುವ ರ‍್ಯಾಕು, ಕವರ್ ಸೀಲ್ ಮಾಡುವ ಮಷಿನ್ನು ತಂದೆ.

ಈಗ ನನ್ನ ಜೊತೆ ಮೂವರು ಬಡಿಯುತ್ತಾರೆ. ರೊಟ್ಟಿಗೆ 2 ರೂಪಾಯಿಯಂತೆ ವಾರ ವಾರ ಕೂಲಿ, ಒಂದು ದಿನವೂ ತಡ ಮಾಡುವುದಿಲ್ಲ. ಅವರಲ್ಲೊಬ್ಬರು ತಮ್ಮದೇ ಶೇಂಗಾ ಚಟ್ನಿ ಶುರು ಮಾಡುತ್ತಿದ್ದಾರೆ, ನನಗೆ ಬಹಳ ಖುಷಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಈಗಲೇ ಕೇಳುತ್ತಿದ್ದಾರೆ. ಅವರ ಚಟ್ನಿಯನ್ನೂ ಅದರ ಜೊತೆಗೇ ಇಡುತ್ತೇವೆ.