ಮೀನು ಮಾರುಕಟ್ಟೆಯಿಂದ ಬಂದ ಶಾಸಕನ ಬಗ್ಗೆ ಬರೆಯಲು ಹೊರಟಾಗ

ಪದವಿ ತರಗತಿಗೆ ರಾಜ್ಯಶಾಸ್ತ್ರ ಹೇಳಿಕೊಡುವವನು ನಾನು. ಅಮೆರಿಕ ಎಂದರೆ ನಮ್ಮ ಹುಡುಗರಿಗೆ ಅಧ್ಯಕ್ಷರು, ಸೆನೆಟ್, ಸುಪ್ರೀಂ ಕೋರ್ಟ್, ಅಲ್ಲಿಗೆ ಮುಗಿಯಿತು. ಅಲ್ಲೂ ರಾಜ್ಯಗಳಿವೆ, ರಾಜ್ಯಕ್ಕೊಂದು ಶಾಸನಸಭೆ ಇದೆ, ಅದರ ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತ ಶಾಸಕರೂ ಇದ್ದರು ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಹಾಗಾಗಿ ಅಂಥ ಒಬ್ಬನ ರಾಜಕೀಯ ಜೀವನವನ್ನು ಕನ್ನಡದಲ್ಲಿ ಬರೆದು ತರಗತಿಗೆ ಹಂಚೋಣ ಎಂದುಕೊಂಡೆ. ಆರಿಸಿಕೊಂಡದ್ದು ನ್ಯೂಯಾರ್ಕಿನ ಆಲ್ ಸ್ಮಿತ್‌ನನ್ನು. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು.

ಮೊದಲು ಎಡವಿದ್ದು ಇಸವಿಯಲ್ಲಿ. ಒಂದು ಕಡೆ 1903ರಿಂದ ಶಾಸಕ ಎಂದಿತ್ತು, ಇನ್ನೊಂದು ಕಡೆ 1904. ನಾನು 1903 ಅಂತಲೇ ಬರೆದು ಮುಂದೆ ಹೋದೆ. ಎರಡು ಪುಟ ದಾಟಿದ ಮೇಲೆ ಲೆಕ್ಕ ತಾಳೆಯಾಗಲಿಲ್ಲ. ಆಮೇಲೆ ತಿಳಿಯಿತು: ಚುನಾವಣೆ ನವೆಂಬರಿನಲ್ಲಿ, ಸಭೆ ಸೇರುವುದು ಜನವರಿಯಲ್ಲಿ. ಅಷ್ಟೇ ಅಲ್ಲ, ಆಗ ನ್ಯೂಯಾರ್ಕ್ ಅಸೆಂಬ್ಲಿಯ, ಅಂದರೆ ಆ ರಾಜ್ಯದ ಶಾಸನಸಭೆಯ ಕೆಳಮನೆಯ, ಅವಧಿ ಒಂದೇ ವರ್ಷ! ಐದು ವರ್ಷಕ್ಕೊಮ್ಮೆ ಮತ ಕೇಳುವ ಶಾಸಕರನ್ನು ಕಂಡ ನಮಗೆ ಇದು ಹೊಳೆಯುವುದೇ ಇಲ್ಲ. ಸ್ಮಿತ್ 1904ರಿಂದ 1915ರವರೆಗೆ ಕೂತಿದ್ದ ಎಂದರೆ ಹನ್ನೆರಡು ಸಲ ಗೆದ್ದು ಬಂದ ಎಂದರ್ಥ. ಸಂಬಳ ವರ್ಷಕ್ಕೆ 1,500 ಡಾಲರ್.

ಅಂದಿನಿಂದ ಬರೆಯುವುದು ನಿಲ್ಲಿಸಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಕಾಲಂ ಎಳೆದೆ. ಗೆದ್ದ ವರ್ಷ, ಕೂತ ವರ್ಷ, ಆ ವರ್ಷ ಬಹುಮತ ಯಾರದು. ಈ ಮೂರನೆಯ ಕಾಲಂ ಹಾಕಿದ ಮೇಲೆಯೇ ಮನುಷ್ಯ ಕಾಣತೊಡಗಿದ್ದು. 1911ರಲ್ಲಿ ಡೆಮಾಕ್ರಾಟರ ಬಹುಮತ, ಸ್ಮಿತ್ ಬಹುಮತ ಪಕ್ಷದ ನಾಯಕ. 1912ರಲ್ಲಿ ಬಹುಮತ ಹೋಯಿತು, ಅಲ್ಪಮತದ ನಾಯಕ. 1913ರಲ್ಲಿ ಸ್ಪೀಕರ್. 1914ರಲ್ಲಿ ಮತ್ತೆ ಎದುರು ಬೆಂಚು. ಹುದ್ದೆಗಳನ್ನು ಸಾಲಾಗಿ ಬರೆದಿದ್ದರೆ ಇದು ಮೆಟ್ಟಿಲು ಹತ್ತಿದ ಹಾಗೆ ಕಾಣುತ್ತಿತ್ತು. ಪಟ್ಟಿ ನೋಡಿದರೆ ಏತದ ಹಾಗೆ ಮೇಲೆ ಕೆಳಗೆ.

ಹುಟ್ಟಿದ್ದು 1873ರಲ್ಲಿ, ಮ್ಯಾನ್‌ಹ್ಯಾಟನ್ನಿನ ಕೆಳಗಿನ ಪೂರ್ವ ಬದಿಯಲ್ಲಿ. ಅಪ್ಪ ಗಾಡಿ ಹೊಡೆಯುವವನು, ಬೇಗ ತೀರಿಕೊಂಡ. ಹುಡುಗ ಎಂಟನೆಯ ಇಯತ್ತೆಯೂ ಮುಗಿಸದೆ ಶಾಲೆ ಬಿಟ್ಟ. ಫುಲ್ಟನ್ ಮೀನು ಮಾರುಕಟ್ಟೆಯಲ್ಲಿ ನಸುಕಿಗೇ ಕೆಲಸ, ವಾರಕ್ಕೆ 12 ಡಾಲರ್, ಜೊತೆಗೆ ಮನೆಗೆ ಬೇಕಾದಷ್ಟು ಮೀನು. ಮುಂದೆ ಅಸೆಂಬ್ಲಿಯಲ್ಲಿ ಒಂದು ದಿನ ಸದಸ್ಯರು ಒಬ್ಬೊಬ್ಬರಾಗಿ ತಾವು ಓದಿದ ವಿಶ್ವವಿದ್ಯಾಲಯದ ಹೆಸರು ಹೇಳಿಕೊಳ್ಳುತ್ತಿದ್ದಾಗ ಇವನು ಎದ್ದು ನಿಂತು ನಾನು ‘ಎಫ್.ಎಫ್.ಎಂ.’ ಎಂದನಂತೆ. ಫುಲ್ಟನ್ ಫಿಶ್ ಮಾರ್ಕೆಟ್. ಇದನ್ನು ‘ಫು.ಮೀ.ಮಾ.’ ಎಂದು ಕನ್ನಡಿಸಿದ್ದೆ. ನನ್ನಾಕೆ ಓದಿ, “ಇದೇನ್ರೀ, ಸಹಕಾರಿ ಸಂಘದ ಹೆಸರಿದ್ದ ಹಾಗಿದೆ” ಎಂದಳು. ಹೊಡೆದು ಹಾಕಿದೆ. ಎಲ್ಲ ಹಾಸ್ಯವೂ ಭಾಷೆ ದಾಟುವುದಿಲ್ಲ.

ಟಿಕೆಟ್ ಕೊಟ್ಟದ್ದು ಟ್ಯಾಮನಿ ಹಾಲ್. ನಗರದ ಡೆಮಾಕ್ರಾಟಿಕ್ ಪಕ್ಷವನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಸಂಘಟನೆ ಅದು. ಬಡವರಿಗೆ ಕೆಲಸ ಕೊಡಿಸುವುದು, ಚಳಿಗಾಲಕ್ಕೆ ಕಲ್ಲಿದ್ದಲು ಹಾಕಿಸುವುದು, ಬದಲಿಗೆ ಮತ. ಇದನ್ನು ನಮ್ಮವರಿಗೆ ವಿವರಿಸಲು ನನಗೆ ಅಡಿಟಿಪ್ಪಣಿ ಬೇಕಾಗಲಿಲ್ಲ.

ರಾಜ್ಯದ ರಾಜಧಾನಿ ಆಲ್ಬನಿಗೆ ಹೋದ ಸ್ಮಿತ್‌ಗೆ ಮೊದಲ ವರ್ಷ ಏನೂ ಅರ್ಥವಾಗಲಿಲ್ಲ. ಅವನನ್ನು ಬ್ಯಾಂಕ್ ಸಮಿತಿಗೆ ಹಾಕಿದರು. ಕೋರ್ಟಿನ ಜ್ಯೂರಿಯಲ್ಲಿ ಕೂರಲು ಬನ್ನಿ ಎಂಬ ನೋಟಿಸ್ ಕೊಡಲು ಹೋದದ್ದು ಬಿಟ್ಟರೆ ಬ್ಯಾಂಕಿನೊಳಗೆ ಕಾಲಿಟ್ಟವನಲ್ಲ. ಆಮೇಲೆ ಅರಣ್ಯ ಸಮಿತಿ, ಕಾಡು ಕಂಡವನಲ್ಲ. ಇದನ್ನು ಅವನೇ ಹೇಳಿಕೊಂಡಿದ್ದಾನೆ. ಬೇರೆಯವರು ಸಂಜೆ ಮೋಜಿಗೆ ಹೋದರೆ ಇವನು ಬಾಡಿಗೆ ಕೋಣೆಯಲ್ಲಿ ಮಸೂದೆಗಳನ್ನು ಸಾಲು ಬಿಡದೆ ಓದುತ್ತಿದ್ದ. ಖರ್ಚಿನ ಬಿಲ್ಲುಗಳನ್ನೂ. ಯಾವ ಇಲಾಖೆಗೆ ಎಷ್ಟು, ಯಾಕೆ ಎಂದು ಸದನದಲ್ಲಿ ಚೀಟಿ ನೋಡದೆ ಹೇಳುವ ಮಟ್ಟಕ್ಕೆ ಬಂದ. ಈ ಭಾಗವನ್ನು ನಾನು ನಾಲ್ಕು ಸಲ ತಿದ್ದಿದೆ, ಪ್ರತಿ ಸಲವೂ ನೀತಿಕಥೆಯಂತಾಗುತ್ತಿತ್ತು. ಕೊನೆಗೆ ವಿಶೇಷಣಗಳನ್ನೆಲ್ಲ ಕಿತ್ತು ಹಾಕಿದೆ.

1911ರ ಮಾರ್ಚ್ 25ರಂದು ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಸತ್ತವರು 146 ಮಂದಿ, ಹೆಚ್ಚಿನವರು ವಲಸೆ ಬಂದ ಹುಡುಗಿಯರು. ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಆ ವರ್ಷವೇ ಕಾರ್ಖಾನೆಗಳ ತನಿಖಾ ಆಯೋಗ ಹುಟ್ಟಿತು. ರಾಜ್ಯ ಸೆನೆಟ್ಟಿನ ರಾಬರ್ಟ್ ವಾಗ್ನರ್ ಅಧ್ಯಕ್ಷ, ಸ್ಮಿತ್ ಉಪಾಧ್ಯಕ್ಷ. ಆಯೋಗದ ತನಿಖೆಯಲ್ಲಿ ಕೆಲಸ ಮಾಡುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆ ಈ ಇಬ್ಬರನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ ಕಾರ್ಖಾನೆ ತೋರಿಸುತ್ತಿದ್ದಳು. ಒಂದು ಕಡೆ ‘ಬೆಂಕಿ ಬಿದ್ದರೆ ದಾರಿ’ ಎಂದು ಗುರುತಿಸಿದ್ದ ಸಣ್ಣ ಕಿಂಡಿಯಲ್ಲಿ ವಾಗ್ನರ್‌ನನ್ನೇ ತೂರಿಸಿದಳು. ಆಚೆಗಿದ್ದದ್ದು ಹಿಮಗಟ್ಟಿದ ಕಬ್ಬಿಣದ ಏಣಿ, ಅದೂ ನೆಲದಿಂದ ಹನ್ನೆರಡು ಅಡಿ ಮೇಲೆಯೇ ಮುಗಿದಿತ್ತು. ಇದನ್ನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ವಾರಕ್ಕೊಂದು ದಿನ ರಜೆ ಕೊಡಬೇಕೆಂಬ ನಿಯಮದಿಂದ ತಮ್ಮನ್ನು ಬಿಡಿ ಎಂದು ಹಣ್ಣು ತರಕಾರಿ ಡಬ್ಬಿ ತುಂಬುವ ಕಾರ್ಖಾನೆಯವರು ಕೇಳಿದರು. ಸಬ್ಬತ್ ದಿನವನ್ನು, ಅಂದರೆ ವಾರದ ವಿಶ್ರಾಂತಿಯ ದಿನವನ್ನು, ಪವಿತ್ರವಾಗಿ ಆಚರಿಸು ಎಂಬ ಬೈಬಲ್ಲಿನ ದೇವರ ಆಜ್ಞೆಯಲ್ಲಿ ‘ಡಬ್ಬಿ ಕಾರ್ಖಾನೆ ಹೊರತುಪಡಿಸಿ’ ಎಂದು ಎಲ್ಲೂ ಕಾಣಲಿಲ್ಲ ಎಂದ ಸ್ಮಿತ್.

ಇಲ್ಲಿಗೆ ನಿಲ್ಲಿಸಿದ್ದರೆ ಪುಣ್ಯಾತ್ಮನ ಚರಿತ್ರೆ ಆಗುತ್ತಿತ್ತು. ಆದರೆ 1913ರಲ್ಲಿ ಗವರ್ನರ್ ವಿಲಿಯಂ ಸಲ್ಜರ್ ಟ್ಯಾಮನಿಯ ಯಜಮಾನ ಚಾರ್ಲ್ಸ್ ಮರ್ಫಿಯನ್ನು ಎದುರು ಹಾಕಿಕೊಂಡ. ಅಸೆಂಬ್ಲಿ ಅವನ ಮೇಲೆ ದೋಷಾರೋಪ ಹೊರಿಸಿತು, ಅಕ್ಟೋಬರಿನಲ್ಲಿ ಅವನನ್ನು ಇಳಿಸಿದರು. ಸ್ಪೀಕರ್ ಪೀಠದಲ್ಲಿ ಇದ್ದವನು ಸ್ಮಿತ್. ಚುನಾವಣಾ ದೇಣಿಗೆಯ ಲೆಕ್ಕದಲ್ಲಿ ಸಲ್ಜರ್ ಕೈ ಶುದ್ಧವಿರಲಿಲ್ಲ, ನಿಜ. ಮರ್ಫಿ ಹೇಳಿದಂತೆ ಕೇಳಿದ್ದರೆ ಆ ಲೆಕ್ಕವನ್ನು ಯಾರೂ ತೆಗೆಯುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು. ಅದನ್ನು ಹಾಗೇ ಬರೆದೆ.

1915ರ ಚುನಾವಣೆಯಲ್ಲಿ ಅವನು ನ್ಯೂಯಾರ್ಕ್ ಕೌಂಟಿಯ ಶೆರೀಫ್ ಆದ. “ಕುದುರೆ ಏರಿ ಪಿಸ್ತೂಲು ಹಿಡಿದವನಾ ಸರ್?” ಎಂದು ಒಬ್ಬಳು ಕೇಳಿದಳು. ಅಲ್ಲಮ್ಮಾ, ಕೋರ್ಟಿನ ಆದೇಶ ಜಾರಿ ಮಾಡುವ, ಜಪ್ತಿ ಮಾಡುವ ಅಧಿಕಾರಿ, ಅದರಲ್ಲಿ ಶುಲ್ಕದ ಪಾಲು ಸಿಗುತ್ತಿತ್ತು ಎಂದೆ. ಬಡ ಶಾಸಕನಿಗೆ ಪಕ್ಷ ಕೊಟ್ಟ ಬಳುವಳಿ ಅದು. ‘ಶೆರೀಫ್’ ಎಂದೇ ಬರೆದು ಎರಡು ಸಾಲು ವಿವರಣೆ ಸೇರಿಸಿದೆ.

ಗವರ್ನರ್ ಆದ ವರ್ಷಗಳನ್ನು ಬೇಗ ಮುಗಿಸಿದೆ, ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆಗ ಆ ಹುದ್ದೆಯ ಅವಧಿ ಎರಡು ವರ್ಷ. 1918ರಲ್ಲಿ ಗೆದ್ದ, 1920ರಲ್ಲಿ ಸೋತ, 1922, 1924, 1926ರಲ್ಲಿ ಮತ್ತೆ ಗೆದ್ದ. ಹುಡುಗರು ಹಿಡಿದುಕೊಂಡದ್ದು ಆ ಸೋಲನ್ನೇ. 1920ರಲ್ಲಿ ಅಧ್ಯಕ್ಷ ಸ್ಥಾನದ ಡೆಮಾಕ್ರಾಟ್ ಅಭ್ಯರ್ಥಿ ನ್ಯೂಯಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಾಗ ಅದೇ ದಿನ, ಅದೇ ಮತದಾರರ ಎದುರು ಸ್ಮಿತ್ ಸೋತದ್ದು ಸುಮಾರು 75,000ದಿಂದ. “ಇದನ್ನ ಸೋಲು ಅಂತ ಬರೀಬೇಕಾ ಸರ್?” ಎಂದು ಕೇಳಿದ ಒಬ್ಬ. 1928ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅದೇ ನ್ಯೂಯಾರ್ಕ್ ಅವನ ಕೈಬಿಟ್ಟಿತು ಎಂದು ಕ್ಯಾಲೆಂಡರಿನ ಕೊನೆಯ ಸಾಲು ತೋರಿಸಿದೆ. ಪಟ್ಟಿಯ ನಕಲು ತೆಗೆದುಕೊಂಡು ಹೋದ, ಇನ್ನೂ ವಾಪಸ್ ತಂದಿಲ್ಲ.